ಚಳಿಗೆ ಮುನ್ನ ಅಳಿಲಿನ ಲೆಕ್ಕಾಚಾರ



ಊಟದ ವಿರಾಮದಲ್ಲಿ ಅಂಗಳದ ಮರದ ಕೆಳಗೆ ನಿಮ್ಮಲ್ಲಿ ಕೆಲವರು ಅಳಿಲುಗಳಿಗೆ ಬಿಸ್ಕತ್ತು, ಖಾರದ ಚಿಪ್ಸ್ ಹಾಕುವುದನ್ನು ನೋಡುತ್ತಿರುತ್ತೇನೆ. ಉದ್ದೇಶ ಒಳ್ಳೆಯದೇ. ಆದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ತಿನಿಸೂ ಪುಟ್ಟ ಪ್ರಾಣಿಗೆ ಕೇಡು ಮಾಡಬಹುದು. ಬೆಳಗಿನ ಚಳಿ ಶುರುವಾಗುತ್ತಿರುವ ಈ ದಿನಗಳಲ್ಲಿ ಅಳಿಲನ್ನು ಸ್ವಲ್ಪ ಅರಿತುಕೊಳ್ಳೋಣ.

ಮೊದಲು ದೂರದ ಒಂದು ಉದಾಹರಣೆ. ಉತ್ತರ ಅಮೆರಿಕದ ಪೂರ್ವಭಾಗದ ಹಿತ್ತಿಲುಗಳಲ್ಲಿ ಬೂದು ಅಳಿಲು (ಸಯೂರಸ್ ಕೆರೊಲಿನೆನ್ಸಿಸ್) ಸಾಮಾನ್ಯ. ಅಲ್ಲಿ ಹಿಮ ಬಿದ್ದರೂ ಇದು ಶಿಶಿರ ನಿದ್ರೆಗೆ ಜಾರುವುದಿಲ್ಲ, ಚಳಿಗಾಲವಿಡೀ ತಿನ್ನಲೇಬೇಕು. ಆದ್ದರಿಂದ ಚಳಿಗೆ ಮುನ್ನವೇ ಓಕ್ ಮರದ ಕಾಯಿಗಳನ್ನು ಒಂದೊಂದಾಗಿ, ಬೇರೆ ಬೇರೆ ಜಾಗದಲ್ಲಿ ಹೂತಿಡುತ್ತದೆ. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಕದಿಯುವವರಿಗೆ ಒಮ್ಮೆಗೇ ಸಿಕ್ಕಿಬಿಡುತ್ತದಲ್ಲವೇ?

ಬಿಳಿ ಓಕ್‌ನ ಕಾಯಿ ನೆಲಕ್ಕೆ ಬಿದ್ದ ಸ್ವಲ್ಪ ಕಾಲದಲ್ಲೇ ಮೊಳೆಯುತ್ತದೆ. ಮೊಳೆತರೆ ಒಳಗಿನ ಆಹಾರ ಖರ್ಚಾಗುತ್ತದೆ. ಹಾಗಾಗಿ ಅಳಿಲು ಅದನ್ನು ಕೂಡಲೇ ತಿನ್ನುತ್ತದೆ, ಇಲ್ಲವೇ ಭ್ರೂಣವನ್ನು ಕಚ್ಚಿ ತೆಗೆದು ಹೂಳುತ್ತದೆ. ಕೆಂಪು ಓಕ್‌ನ ಕಾಯಿ ವಸಂತದವರೆಗೆ ಸುಪ್ತಾವಸ್ಥೆಯಲ್ಲಿರುವುದರಿಂದ ಅದನ್ನು ಹಾಗೆಯೇ ಹೂಳುತ್ತದೆ. ಹೂತದ್ದನ್ನು ಹುಡುಕುವುದು ವಾಸನೆಯಿಂದ ಮಾತ್ರವಲ್ಲ. ಲೂಸಿಯಾ ಜೇಕಬ್ಸ್ ಮತ್ತು ಎಮಿಲಿ ಲೀಮನ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳಿಲುಗಳು ಬೇರೆಯವು ಹೂತ ಕಾಯಿಗಳಿಗಿಂತ ತಾವೇ ಹೂತವನ್ನು ಹೆಚ್ಚಾಗಿ ಮರಳಿ ಪಡೆದವು. ಜಾಗದ ನೆನಪೂ ಅವಕ್ಕಿದೆ ಎಂದಾಯಿತು. ಹಾಗೂ ಮಣ್ಣಲ್ಲೇ ಉಳಿದ ಕಾಯಿ ಮುಂದೆ ಮರವಾಗಬಹುದು.

ನಮ್ಮ ಅಂಗಳದ ಅಳಿಲು ಬೇರೆ. ಬೆನ್ನಿನ ಮೇಲೆ ಮೂರು ಪಟ್ಟೆಯಿರುವ ಇದರ ಹೆಸರು ಫ್ಯುನಾಂಬುಲಸ್ ಪಾಮೇರಮ್. ನಮ್ಮಲ್ಲಿ ಹಿಮವಿಲ್ಲ, ಹಣ್ಣು, ಬೀಜ, ಹೂವು, ಹುಳು ವರ್ಷವಿಡೀ ಏನಾದರೊಂದು ಸಿಗುತ್ತದೆ. ಆದ್ದರಿಂದ ನಾವು ಹಾಕದಿದ್ದರೆ ಅದು ಉಪವಾಸ ಬೀಳುವುದಿಲ್ಲ. ಕೊಡುವುದಾದರೆ ಈ ಮಾತುಗಳು ನೆನಪಿರಲಿ:

1. ಬಿಸ್ಕತ್ತು, ಚಿಪ್ಸ್, ಉಪ್ಪು ಹಚ್ಚಿದ ಕಡಲೆಕಾಯಿ ಬೇಡ.

2. ಉಪ್ಪಿಲ್ಲದೆ ಹುರಿದ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಒಂದೆರಡು ಕೊಡಬಹುದು. ಅಳಿಲು ದಂಶಕ ಪ್ರಾಣಿ. ಅದರ ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಕಡಿಯಲು ಗಟ್ಟಿ ವಸ್ತು ಬೇಕು. ಆದರೆ ಕಡಲೆಕಾಯಿಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಅದನ್ನೇ ತಿಂದರೆ ಮೂಳೆ ದುರ್ಬಲವಾಗುತ್ತದೆ. ಬೂಷ್ಟು ಹಿಡಿದದ್ದನ್ನು ಎಂದಿಗೂ ಹಾಕಬೇಡಿ.

3. ಸೀಬೆಹಣ್ಣಿನ ಚೂರು ಒಳ್ಳೆಯದು. ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಿಸಿ. ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ.

4. ಕೈಯಿಂದ ತಿನ್ನಿಸಬೇಡಿ. ಕಚ್ಚಬಹುದು. ಅಲ್ಲದೆ ಮನುಷ್ಯರ ಭಯ ಬಿಟ್ಟ ಅಳಿಲು ಸುಲಭವಾಗಿ ಅಪಾಯಕ್ಕೆ ಸಿಲುಕುತ್ತದೆ.

ಇನ್ನು ವೀಕ್ಷಣೆ. ಜನವರಿಯವರೆಗೆ ದಿನವೂ ಒಂದೇ ಹೊತ್ತಿಗೆ ಹತ್ತು ನಿಮಿಷ ದೂರದಲ್ಲಿ ಕುಳಿತು ದಿನಾಂಕ, ಉಷ್ಣಾಂಶ, ಕಂಡ ಅಳಿಲುಗಳ ಸಂಖ್ಯೆ, ತಿಂದದ್ದೇನು ಎಂದು ಬರೆದಿಡಿ. ಪುಟ್ಟ ದೇಹದಲ್ಲಿ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಶಾಖ ಬೇಗ ನಷ್ಟವಾಗುತ್ತದೆ. ಹಾಗಾದರೆ ಚಳಿ ಹೆಚ್ಚಿದ ದಿನ ಅಳಿಲು ತಡವಾಗಿ ಹೊರಬರುತ್ತದೆಯೇ? ಬಿಸಿಲಲ್ಲಿ ಹೆಚ್ಚು ಹೊತ್ತು ಕೂರುತ್ತದೆಯೇ? ಉತ್ತರ ನಿಮ್ಮ ನೋಟ್‌ಬುಕ್ ಹೇಳಲಿ. ಕಾಣದ್ದನ್ನು ಬರೆಯಬೇಡಿ, ಅಳಿಲು ಬಾರದ ದಿನ 'ಸೊನ್ನೆ' ಎಂದು ಬರೆಯುವುದೂ ವಿಜ್ಞಾನವೇ.

ಬಾಯಾರಿದ ನಾಯಿಗಾಗಿ ಬಾವಿಗಿಳಿದು ನೀರು ತಂದವನಿಗೆ ಅಲ್ಲಾಹನ ಕ್ಷಮೆ ದೊರೆತ ಪ್ರಸಂಗವನ್ನು ಪ್ರವಾದಿ ಮುಹಮ್ಮದ್ (ಸ) ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಆತ ಕೊಟ್ಟದ್ದು ಆ ನಾಯಿಗೆ ಬೇಕಾಗಿದ್ದ ನೀರನ್ನು. ತನ್ನ ಕೈಯಲ್ಲಿ ಉಳಿದಿದ್ದ ಏನನ್ನೋ ಅಲ್ಲ. ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ನೆಟ್ಟವರಿಗೆ ಅದು ಸದಕಾ ಎಂಬ ಹದೀಸ್ ಕೂಡ ನಿಮಗೆ ತಿಳಿದಿದೆ. ಚಿಪ್ಸ್ ಪೊಟ್ಟಣದ ಹಣ ಉಳಿಸಿ, ಮುಂದಿನ ಮಳೆಗಾಲದಲ್ಲಿ ಒಂದು ಸೀಬೆ ಸಸಿ ನೆಡೋಣ. ನೀವು ಕಾಲೇಜು ಬಿಟ್ಟು ಹೋದ ಮೇಲೂ ಅದು ಅಳಿಲುಗಳಿಗೆ ಉಣಿಸುತ್ತಿರುತ್ತದೆ.