ಸ್ಪರ್ಶಕಾಯಕ ವಿಚಾರ

ವೀರಶೈವ ಗೃಹಸ್ಥನು ಪ್ರಾತಃಕಾಲದಲ್ಲಿ ಕರಸ್ಥಲದಲ್ಲಿ ಇಷ್ಟಲಿಂಗವನ್ನು ಬಿಜಯಂಗೈಸಿಕೊಂಡು ಪೂಜಿಸುತ್ತಾನೆ. ಪೂಜೆ ಮುಗಿದ ಮೇಲೆ ಅದೇ ಕೈ ನೇಗಿಲನ್ನೋ ತಕ್ಕಡಿಯನ್ನೋ ಲೇಖನಿಯನ್ನೋ ಹಿಡಿಯುತ್ತದೆ. ಲಿಂಗವನ್ನು ಹಿಡಿದ ಕೈಯನ್ನು ಅನ್ಯಾಯದ ಗಳಿಕೆಗೆ ಚಾಚಲಾಗದೆಂಬುದು ಸದಾಚಾರದ ಮೊದಲ ಪಾಠ. ಈ ಮಾತು ಎಲ್ಲ ಕಾಯಕಗಳಿಗೂ ಸಲ್ಲುವುದಾದರೂ, ಕೈಯೇ ಉಪಕರಣವಾಗಿ ಅನ್ಯರ ಶರೀರವೇ ಕ್ಷೇತ್ರವಾಗಿರುವ ಕಾಯಕಕ್ಕೆ ವಿಶೇಷವಾಗಿ ಸಲ್ಲುತ್ತದೆ. ಅದು ಅಭ್ಯಂಗಕಾಯಕ; ಜನರ ಬಾಯಲ್ಲಿ ಎಣ್ಣೆ ತಿಕ್ಕುವ ಕೆಲಸ. ಆ ಕಾಯಕದವರು ಈಚೆಗೆ ಅಂತರ್ಜಾಲದ ಮೂಲಕವೂ ವ್ಯವಹಾರವನ್ನು ಬೆಳೆಸತೊಡಗಿರುವುದರಿಂದ ಭಕ್ತರಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಮುಟ್ಟಿ ಮಾಡಬೇಕಾದ ಕೆಲಸದಲ್ಲಿ ಮುಟ್ಟದೆ ಪಡೆದ ಹಣವು ಕಾಯಕದ ಹಣವೆನಿಸೀತೇ?

ಅಭ್ಯಂಗವು ಇಂದು ನಿನ್ನೆಯದಲ್ಲ. ಎಣ್ಣೆಯ ಸಂಬಂಧದಿಂದ ಮಡಕೆ, ತೊಗಲು, ಬಂಡಿಯ ಅಚ್ಚುಗಳು ಹೇಗೆ ದೃಢವಾಗುವುವೋ ಹಾಗೆ ಶರೀರವೂ ದೃಢವಾಗುವುದೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಉಪಮಾನವುಂಟು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯವಿಧಿಯಾಗಿ ಹೇಳಿ, ತಲೆ, ಕಿವಿ, ಪಾದಗಳಿಗೆ ಅದು ವಿಶೇಷವಾಗಿ ಬೇಕೆನ್ನುತ್ತಾನೆ. ಕೂಡಲೇ, ಕಫಪೀಡಿತನಿಗೂ ವಮನಾದಿ ಶೋಧನವಾದವನಿಗೂ ಅಜೀರ್ಣವುಳ್ಳವನಿಗೂ ಅದು ವರ್ಜ್ಯವೆನ್ನುತ್ತಾನೆ. ವಿಧಿಯ ಬೆನ್ನಿಗೇ ನಿಷೇಧವು ಬಂದಿರುವುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಅದು ಬೇಕಾಗುವುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ರಚಿಸಿದ ಮಾನಸೋಲ್ಲಾಸದಲ್ಲಿ ಪಾದಾಭ್ಯಂಗವು ಅರಸನ ಉಪಭೋಗಗಳಲ್ಲೊಂದಾಗಿ ಎಣಿಕೆಗೊಂಡಿದೆ. ಅದೇ ಕಲ್ಯಾಣದಲ್ಲಿ ಕೆಲವು ದಶಕಗಳ ತರುವಾಯ ಬಸವಾದಿ ಪ್ರಮಥರು ನೆರೆದಾಗ ಎಣಿಕೆಯ ಕ್ರಮವೇ ಬದಲಾಯಿತು. ಭೋಗಿಸುವ ಮೈಗಿಂತ ದುಡಿಯುವ ಕೈ ದೊಡ್ಡದಾಯಿತು. ಮಡಿವಾಳ, ಅಂಬಿಗ, ಹಡಪದ ಎಂಬ ಕಾಯಕಗಳೇ ಶರಣರ ಹೆಸರಿನ ಮುಂದೆ ನಿಂತುವು. ವೈದ್ಯ ಸಂಗಣ್ಣನೆಂಬ ಶರಣನಿಗೆ ವೈದ್ಯವೃತ್ತಿಯೇ ಅನುಭಾವದ ಭಾಷೆಯಾಯಿತು.

ಬೆಳಗಾವಿಯ ಸೀಮೆಯಲ್ಲಿ ಈ ವಿದ್ಯೆ ಹಲವು ಕಡೆ ನೆಲೆಸಿದೆ. ಗರಡಿಮನೆಯಲ್ಲಿ ಪೈಲವಾನರ ತೋಳುತೊಡೆಗಳನ್ನು ನೀವುವ ವಸ್ತಾದನಲ್ಲಿ ಒಂದು ಬಗೆ. ಬಾಣಂತಿಗೆ ಎಣ್ಣೆ ತಿಕ್ಕಿ ನೀರೆರೆಯುವ ಮುದುಕಿಯಲ್ಲಿ ಇನ್ನೊಂದು ಬಗೆ. ಶಹಾಪುರದಲ್ಲಿ 1933ರಿಂದ ನಡೆದುಬಂದಿರುವ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶಾಸ್ತ್ರೀಯವಾದ ಮತ್ತೊಂದು ಬಗೆ. ಖಾನಾಪುರದ ಕಡೆ ಅದರ ಅವಶ್ಯಕತೆ ಹೆಚ್ಚು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸುತ್ತಣ ಸೀಮೆ ಅದು. ಮಳೆ ಬಹಳ, ಕಾಡು ದಟ್ಟ. ನಿಂತ ನೀರಿನಲ್ಲಿ ಬಾಗಿ ಭತ್ತದ ಸಸಿ ನೆಟ್ಟವರ ಸೊಂಟ, ಮೊಣಕಾಲುಗಳು ಸಂಜೆಗೆ ಏನಾಗಿರುವುವೆಂಬುದನ್ನು ಹೇಳಬೇಕಾಗಿಲ್ಲ.

ಬೆಳಗಾವಿಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ವಾರಕ್ಕೊಂದು ದಿನ ಖಾನಾಪುರಕ್ಕೆ ಹೋಗಿ ಈ ಕಾಯಕವನ್ನು ಮಾಡುವ ಗೃಹಸ್ಥನೊಬ್ಬನನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳೋಣ. ಒಂದು ಸರ್ವಾಂಗಾಭ್ಯಂಗಕ್ಕೆ ಮುಕ್ಕಾಲು ತಾಸಿನಿಂದ ಒಂದು ತಾಸು ಬೇಕು. ದಿನಕ್ಕೆ ಐದಾರು ಮೈಗಳಾದರೆ ಹೆಬ್ಬೆರಳಿನ ಕೀಲು, ಮಣಿಕಟ್ಟು, ಬೆನ್ನುಗಳು ಸಾಕೆನ್ನುತ್ತವೆ. ಅವನ ಗಳಿಕೆಗೆ ಅವನ ದೇಹವೇ ಮಿತಿ. ವಯಸ್ಸು ಏರಿದಂತೆಲ್ಲ ಆ ಮಿತಿ ಇಳಿಯುತ್ತದೆ. 2020ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಇಂಥ ಕಾಯಕದವರ ಪಾಡು ಎಲ್ಲರಿಗಿಂತ ಕಠಿಣವಾಯಿತು. ಅಂಗಡಿಕಾರನು ಸಾಮಾನನ್ನು ಬಾಗಿಲಲ್ಲಿ ಇಟ್ಟು ಹೋಗಬಹುದಿತ್ತು. ಸ್ಪರ್ಶವನ್ನು ಬಾಗಿಲಲ್ಲಿ ಇಟ್ಟು ಹೋಗಲು ಬರುವುದಿಲ್ಲ. ಮೊಬೈಲಿನ ಮುಂದೆ ಕುಳಿತು ದೂರದವರಿಗೆ ಪಾಠ ಹೇಳುವ, ವಿಡಿಯೋ ಮಾಡಿ ಮಾರುವ ದಾರಿಯನ್ನು ಅನೇಕರು ಹುಡುಕಿಕೊಂಡದ್ದು ಆಗಲೇ. ಆದುದರಿಂದ ಇದನ್ನು ಬರಿಯ ಆಶೆಯೆಂದು ತಳ್ಳಿಹಾಕುವವರು ಅವನ ಮನೆಯ ಒಲೆಯನ್ನು ನೋಡಿದವರಲ್ಲ.

ಯಂತ್ರವೇ ದೋಷವೆಂದು ಹೇಳುವ ಅಧಿಕಾರವೂ ಶರಣಪಂಥದವರಿಗಿಲ್ಲ. ತಾಳೆಯೋಲೆಯಲ್ಲಿ ಒಂದೊಂದು ಪ್ರತಿಗೂ ಒಂದು ಕೈ ಸವೆಯಬೇಕಿತ್ತು. ಫ. ಗು. ಹಳಕಟ್ಟಿಯವರು ಸಂಪಾದಿಸಿದ ವಚನಶಾಸ್ತ್ರಸಾರವು 1923ರಲ್ಲಿ ಇದೇ ಬೆಳಗಾವಿಯ ಮುದ್ರಣಾಲಯದಲ್ಲಿ ಅಚ್ಚಾಯಿತು. ಮುಂದೆ ಅವರು ಮನೆಯನ್ನು ಮಾರಿ ಸ್ವಂತ ಮುದ್ರಣಾಲಯವನ್ನು ಹಾಕಿದರು. ಒಮ್ಮೆ ಜೋಡಿಸಿದ ಮೊಳೆ ಸಾವಿರ ಪ್ರತಿಗಳನ್ನು ಕೊಟ್ಟಿತೆಂದು ಆ ಶ್ರಮವನ್ನು ಕಾಯಕವಲ್ಲವೆನ್ನುವರುಂಟೇ?

ಹಾಗಾದರೆ ಶಂಕೆಗೆ ಸಮಾಧಾನವೆಲ್ಲಿ? ಅದು ಷಟ್‌ಸ್ಥಲಶಾಸ್ತ್ರದಲ್ಲಿಯೇ ಇದೆ. ಭಕ್ತಸ್ಥಲದಲ್ಲಿ ಗಂಧವು ಆಚಾರಲಿಂಗಕ್ಕೂ, ಮಹೇಶಸ್ಥಲದಲ್ಲಿ ರಸವು ಗುರುಲಿಂಗಕ್ಕೂ, ಪ್ರಸಾದಿಸ್ಥಲದಲ್ಲಿ ರೂಪವು ಶಿವಲಿಂಗಕ್ಕೂ, ಪ್ರಾಣಲಿಂಗಿಸ್ಥಲದಲ್ಲಿ ಸ್ಪರ್ಶವು ಜಂಗಮಲಿಂಗಕ್ಕೂ, ಶರಣಸ್ಥಲದಲ್ಲಿ ಶಬ್ದವು ಪ್ರಸಾದಲಿಂಗಕ್ಕೂ, ಐಕ್ಯಸ್ಥಲದಲ್ಲಿ ಪರಿಣಾಮವು ಮಹಾಲಿಂಗಕ್ಕೂ ಅರ್ಪಿತವಾಗುವುದೆಂಬುದು ದೀಕ್ಷಿತರೆಲ್ಲರೂ ಕೇಳಿಬಲ್ಲ ವಿಷಯ. ಪದಾರ್ಥಗಳು ಆರು, ಅರ್ಪಣದ ಮುಖಗಳೂ ಆರು. ಯಾವುದೂ ಕೀಳಲ್ಲ, ಆದರೆ ಒಂದು ಇನ್ನೊಂದರ ಬದಲಿಗೆ ಸಲ್ಲುವುದಿಲ್ಲ. ಹೂವಿನ ಕಂಪನ್ನು ನಾಲಗೆಗೆ ಅರ್ಪಿಸಲಾಗದು. ಈಗ ಅಂತರ್ಜಾಲವನ್ನು ನೋಡಿರಿ. ಅದು ಹೊತ್ತೊಯ್ಯುವುದು ಎರಡನ್ನೇ: ರೂಪವನ್ನು ಮತ್ತು ಶಬ್ದವನ್ನು. ಎಷ್ಟು ಚುರುಕಾದ ಯಂತ್ರವಾದರೂ ಬೆಳಗಾವಿಯ ಅಂಗೈಯ ಬಿಸಿಯನ್ನು ಬೆಂಗಳೂರಿನ ಬೆನ್ನಿಗೆ ಮುಟ್ಟಿಸಲಾರದು. ಆದುದರಿಂದ ಈ ಕಾಯಕದವನು ದೂರಕ್ಕೆ ಮಾರಬಹುದಾದುದು ನೋಟ ಮತ್ತು ಮಾತಿನಿಂದ ಕಲಿಸಬಹುದಾದ ವಿದ್ಯೆಯನ್ನು. ಮಾರಬಾರದ್ದು ಸ್ಪರ್ಶದ ಹೆಸರನ್ನು. ಪಾಠವನ್ನು ಪಾಠವೆಂದೇ ಹೇಳಿ ಮಾರಿದರೆ ಅದು ಸತ್ಯಶುದ್ಧ ಕಾಯಕ. ಅದನ್ನೇ ಚಿಕಿತ್ಸೆಯೆಂದು ಹೇಳಿ ಮಾರಿದರೆ, ಪದಾರ್ಥವಿಲ್ಲದೆ ಅರ್ಪಣ ಮಾಡಿದಂತೆ.

ಪಾಠದಲ್ಲಿಯೂ ಒಂದು ಸೊಗಸುಂಟು. ಮುಪ್ಪಿನ ಮಾವನ ಪಾದಗಳಿಗೆ ಎಳ್ಳೆಣ್ಣೆಯನ್ನು ಹೇಗೆ ಹಚ್ಚಬೇಕೆಂಬುದನ್ನು ದೂರದ ಊರಿನ ಸೊಸೆಯೊಬ್ಬಳು ಕಲಿತರೆ ಅಲ್ಲಿ ಸ್ಪರ್ಶವು ಇಲ್ಲದೆ ಹೋಗುವುದಿಲ್ಲ; ಕೈ ಮಾತ್ರ ಬದಲಾಗುತ್ತದೆ. ತನ್ನ ಮೈಗೆ ತಾನೇ ಎಣ್ಣೆ ಹಚ್ಚಿಕೊಳ್ಳುವ ಕ್ರಮ, ಕೂಸಿಗೆ ಮೃದುವಾಗಿ ಹಚ್ಚುವ ಕ್ರಮ, ಕೂಸಿನ ಕಿವಿಮೂಗುಗಳಿಗೆ ಎಣ್ಣೆ ಬಿಡಬಾರದೆಂಬ ಎಚ್ಚರ, ಇಂಥವನ್ನೆಲ್ಲ ಚೆನ್ನಾಗಿ ಕಲಿಸಬಹುದು. ಮನೆಯವರೇ ಮನೆಯವರ ಮೈ ಮುಟ್ಟುವುದನ್ನು ಮರೆಯುತ್ತಿರುವ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ.

ಆದರೆ ವಾಗ್ಭಟನ ನಿಷೇಧವನ್ನು ಮೊದಲು ಹೇಳಿ ವಿಧಿಯನ್ನು ಆಮೇಲೆ ಹೇಳಬೇಕು. ಕೋಣೆಯಲ್ಲಿ ರೋಗಿ ಮಲಗಿದ್ದರೆ ಜ್ವರವನ್ನು ಕೈಯೇ ಅರಿಯುತ್ತದೆ. ಬಾವು, ಗಂಟು, ನೋವಿನಿಂದ ಬಿಗಿದ ಮಾಂಸಖಂಡ ಇವೆಲ್ಲ ಬೆರಳ ತುದಿಗೆ ತಿಳಿಯುತ್ತವೆ. ಗಾಜಿನ ಪರದೆಯ ಮೇಲೆ ಎಲ್ಲ ಮೈಗಳೂ ಒಂದೇ ಬಣ್ಣ. ಇನ್ನು ಪಾರ್ಶ್ವವಾಯು, ಮಧುಮೇಹ, ಅರ್ಬುದಗಳನ್ನು ಗುಣಪಡಿಸುವೆನೆಂದು ಸಾರುವ ಜಾಹೀರಾತುಗಳನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಔಷಧೀಯ ತೈಲವನ್ನು ತಯಾರಿಸಿ ಮಾರುವುದಕ್ಕೂ ಪರವಾನಗಿ ಬೇಕು. ಭಕ್ತನಾದವನಿಗೆ ಕಾಯಿದೆಗಿಂತ ಮೊದಲು ಲಿಂಗದ ಅಂಜಿಕೆ ಇರಬೇಕೆಂಬುದು ಬೇರೆ ಮಾತು.

ಇದಕ್ಕಿಂತಲೂ ಹೆಚ್ಚು ಖೇದಕರವಾದುದು ಮತ್ತೊಂದುಂಟು. ಗಿರಾಕಿಗಳನ್ನು ಸೆಳೆಯುವ ಸಲುವಾಗಿ, ಕೋಣೆಗೆ ಬಂದವರ ತೆರೆದ ಬೆನ್ನುಭುಜಗಳ ಚಿತ್ರವನ್ನು ಲೋಕಕ್ಕೆಲ್ಲ ತೋರಿಸುವ ಚಾಳಿ. ನೋವಿನಿಂದ ನರಳುತ್ತ ಮಲಗಿದವನು ಸಂಕೋಚದಿಂದ ಹೂಂ ಎಂದಿರಬಹುದು, ಅದು ಒಪ್ಪಿಗೆಯಲ್ಲ. ಅಂಗವು ಲಿಂಗದ ನೆಲೆ. ವಿಶ್ವಾಸದಿಂದ ಬಟ್ಟೆ ಸರಿಸಿದ ಮೈಯನ್ನು ಸಂತೆಯಲ್ಲಿ ನಿಲ್ಲಿಸಿದಾಗ ಮುಟ್ಟಿದ ಕೈಯೇ ದ್ರೋಹಕ್ಕೆ ಇಳಿದಂತಾಯಿತು. ತೋರಿಸಿ ಕಲಿಸಬೇಕಾದಲ್ಲಿ ತನ್ನ ಕಾಲನ್ನೋ ತನ್ನ ತೋಳನ್ನೋ ತೋರಿಸಲು ಏನು ಅಡ್ಡಿ?

ಇನ್ನು ಉಳಿದುದು ಹಣದ ಪ್ರಶ್ನೆ. ಒಮ್ಮೆ ಮಾಡಿಟ್ಟ ವಿಡಿಯೋ ಅವನು ಮಲಗಿದ್ದಾಗಲೂ ಮಾರಾಟವಾಗುತ್ತದೆ. ಬೆಳಗಾಗುವುದರೊಳಗೆ ಯುಪಿಐ ಮೂಲಕ ಖಾತೆಗೆ ಹಣ ಬಂದು ಬಿದ್ದಿರುತ್ತದೆ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದೆ ಮುಂದೆ ಹೋಗಲಾಗದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಕುದಿಯುವ ಎಸರಿಗೆ ಹಾಕಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಅಕ್ಕಿ ಕದ್ದುದಾಗಿರಲಿಲ್ಲ. ನಿತ್ಯದ ಅಗತ್ಯಕ್ಕೆ ಮೀರಿದ್ದೆಂಬುದೇ ಅವಳ ಆಕ್ಷೇಪ. ಆಕೆಯ ಕಟ್ಟುನಿಟ್ಟು ಇಂದಿನ ಗೃಹಸ್ಥನಿಗೆ ಪೂರ್ತಿ ಸಾಧ್ಯವೆಂದು ಹೇಳುವುದು ಬೂಟಾಟಿಕೆಯಾದೀತು. ಮಕ್ಕಳ ಶಾಲೆ, ಕೋಣೆಯ ಬಾಡಿಗೆ, ಕೈ ಸೋತ ಮೇಲಿನ ಮುಪ್ಪು ಅವನ ಮುಂದಿವೆ. ಆದರೂ ಆಕೆಯ ಪ್ರಶ್ನೆಯನ್ನು ಅವನ ಮನೆಯಲ್ಲಿ ಯಾರಾದರೂ ಕೇಳಬೇಕು. ಹೆಂಡತಿಯೇ ಕೇಳಿದರೆ ಇನ್ನೂ ಒಳ್ಳೆಯದು. ರಾತ್ರಿ ಬಂದ ಹಣದಲ್ಲಿ ಪಾಠವನ್ನು ಸಿದ್ಧಪಡಿಸಿದ ಶ್ರಮದ ಪಾಲೆಷ್ಟು, ಬಣ್ಣದ ಮಾತಿನ ಪಾಲೆಷ್ಟು? ಮೀರಿದ್ದು ಯಾರ ಬಳಿಗೆ ಹೋಗಬೇಕು?

ಖಾನಾಪುರದ ದಿನವು ಇಲ್ಲಿ ಪ್ರಮಾಣವಾಗುತ್ತದೆ. ಹಣ ನೋಡಿದರೆ ಆ ದಿನ ನಷ್ಟದ ದಿನ. ಬಸ್ಸಿನ ಖರ್ಚು, ಎಣ್ಣೆಯ ಖರ್ಚು ಕಳೆದರೆ ಉಳಿಯುವುದು ಅಲ್ಪ; ಅದೇ ಹೊತ್ತಿನಲ್ಲಿ ಬೆಳಗಾವಿಯಲ್ಲಿ ಕುಳಿತು ಒಂದು ಹೊಸ ಪಾಠವನ್ನೇ ಮಾಡಿಬಿಡಬಹುದು. ಅಂತರ್ಜಾಲದ ಗಳಿಕೆ ಬೆಳೆದಂತೆಲ್ಲ ಮೊದಲು ಬೀಳುವುದು ಈ ದಿನವೇ. ಆದರೆ ಕಾಡಿನಂಚಿನ ಹಳ್ಳಿಗಳಲ್ಲಿ ಮೊಬೈಲಿನ ತರಂಗವೇ ಸರಿಯಾಗಿ ಮುಟ್ಟದ ಕಡೆಗಳುಂಟು. ಅಲ್ಲಿಯ ಅಜ್ಜಿಗೆ ರೂಪವೂ ಇಲ್ಲ, ಶಬ್ದವೂ ಇಲ್ಲ, ಬಂದರೆ ಕೈಯೇ ಬರಬೇಕು. ದೂರದ ಪಾಠದಿಂದ ಬಂದ ಹೆಚ್ಚಿನ ಹಣವು ಆ ಅಜ್ಜಿಯ ಮೊಣಕಾಲಿನ ಎಣ್ಣೆಯಾದರೆ ಅದು ದಾಸೋಹ. ಅಲ್ಲದೆ ದಿನವೂ ಮೈ ಮುಟ್ಟದ ಕೈ ಕಲಿಸುವುದನ್ನೂ ಮರೆಯುತ್ತದೆ. ಎರಡು ವರ್ಷ ಪರದೆಯ ಮುಂದೆ ಮಾತ್ರ ಕುಳಿತವನ ಪಾಠ ಬರಿಯ ಬಾಯಿಪಾಠ.

ಒಂದು ಪ್ರಸಂಗವನ್ನು ಭಾವಿಸೋಣ. ಅವನು ಖಾನಾಪುರಕ್ಕೆ ಹೊರಡುವ ಬೆಳಿಗ್ಗೆ ಪುಣೆಯ ಕನ್ನಡ ಮನೆಯೊಂದರಿಂದ ಕರೆ ಬರುತ್ತದೆ. ದೂರದ ಪ್ರಯಾಣ ಮಾಡಿಬಂದ ಯಜಮಾನರ ಒಂದು ಮೀನಖಂಡ ಊದಿದೆ, ಬಿಸಿಯಾಗಿದೆ, ನೋಯುತ್ತಿದೆ. ಹೆಂಡತಿ ಪಾಠದ ಶುಲ್ಕವನ್ನು ಆಗಲೇ ಕಳಿಸಿದ್ದಾಳೆ. ಹೇಗೆ ತಿಕ್ಕಬೇಕೆಂದು ಈಗಲೇ ತೋರಿಸಿರೆಂದು ಕೇಳುತ್ತಾಳೆ. ಅಂಥ ಕಾಲಿನ ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಪುಪ್ಪುಸಕ್ಕೆ ಹೋಗಿ ಪ್ರಾಣಕ್ಕೇ ಅಪಾಯವಾಗಬಹುದು. “ಯವ್ವಾ, ಆ ಕಾಲನ್ನ ಯಾರೂ ತಿಕ್ಕಬ್ಯಾಡ್ರಿ. ಈಗಿಂದೀಗ ದವಾಖಾನಿಗೆ ಕರಕೊಂಡು ಹೋಗ್ರಿ” ಎಂದಷ್ಟೇ ಹೇಳಿ, ಬಂದ ಶುಲ್ಕವನ್ನು ಆ ಕ್ಷಣವೇ ಅವಳ ಖಾತೆಗೆ ಮರಳಿಸಿ, ಆಮೇಲೆ ಅವನು ಎಣ್ಣೆಯ ಚೀಲವನ್ನು ಹೆಗಲಿಗೇರಿಸಿ ಬಸ್ಸಿಗೆ ನಡೆಯಬೇಕು.