ಡಿಸ್ಕ್ ಹೋಯಿತೋ, ಕೇಬಲ್ ಹೋಯಿತೋ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ನಮ್ಮ ಪುಸ್ತಕಗಳ ಲೆಕ್ಕವೆಲ್ಲ ಕೋಹಾ ತಂತ್ರಾಂಶದಲ್ಲಿದೆ, ಅದು ಒಂದು ಲಿನಕ್ಸ್ ಸರ್ವರ್‌ನಲ್ಲಿದೆ. ಇತ್ತೀಚೆಗೆ ಸರ್ವರ್ ಆಗಾಗ ಅರ್ಧ ನಿಮಿಷ ಸ್ತಬ್ಧವಾಗಿ ನಿಂತು, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಲಾಗ್ ತೆಗೆದು ನೋಡಿದರೆ ‘ಐ/ಒ ಎರರ್, ಡೆವ್ ಎಸ್‌ಡಿಎ, ಸೆಕ್ಟರ್’ ಎಂದು ಸಾಲುಸಾಲಾಗಿ ಬಂದಿದೆ. ಒಬ್ಬರು ಡಿಸ್ಕ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಬರೀ ಕೇಬಲ್ ಎನ್ನುತ್ತಾರೆ. ಈ ಸಾಲುಗಳನ್ನು ಓದಿಯೇ ಯಾರು ಸರಿ ಎಂದು ತಿಳಿಯಬಹುದೇ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು. ಆದರೆ ನೀವು ಬರೆದಿರುವ ಸಾಲೊಂದರಿಂದ ತಿಳಿಯುವುದಿಲ್ಲ, ಅದರ ಮೇಲೆ ಏನಿದೆ ಎಂದು ನೋಡಬೇಕು. ಅದಕ್ಕೂ ಮೊದಲು ಒಂದು ಮಾತು: ಕೋಹಾದ ಬ್ಯಾಕಪ್ ಬೇರೆ ಯಂತ್ರದಲ್ಲಿ ಇಲ್ಲದಿದ್ದರೆ, ಈ ಪುಟವನ್ನು ಬದಿಗಿಟ್ಟು ಇವತ್ತೇ ಅದನ್ನು ಮಾಡಿಸಿ. ಡೆಬಿಯನ್, ಉಬುಂಟುಗಳಲ್ಲಿ ಕೋಹಾ ದಿನವೂ ತಾನೇ ಬ್ಯಾಕಪ್ ತೆಗೆದು ‘/ವಾರ್/ಸ್ಪೂಲ್/ಕೋಹಾ’ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಬಹಳ ಕಡೆ ಆ ಫೋಲ್ಡರ್ ಇರುವುದು ಅದೇ ಡಿಸ್ಕ್‌ನಲ್ಲಿ. ಡಿಸ್ಕ್ ಹೋದರೆ ಬ್ಯಾಕಪ್ಪೂ ಅದರ ಜತೆಗೇ ಹೋಗುತ್ತದೆ.

ಈಗ ಲಾಗ್‌ಗೆ ಬರೋಣ. ‘ಐ/ಒ ಎರರ್’ ಎಂಬ ಸಾಲನ್ನು ಬರೆಯುವುದು ಡಿಸ್ಕ್ ಅಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗಿನ ಒಂದು ಮೇಲ್ಪದರ. ನಿಮ್ಮ ಗ್ರಂಥಾಲಯವನ್ನೇ ನೆನೆಸಿಕೊಳ್ಳಿ. ಓದುಗರು ಕೌಂಟರ್‌ನಲ್ಲಿ ಚೀಟಿ ಕೊಡುತ್ತಾರೆ, ಅಟೆಂಡರ್ ಒಳಗೆ ಹೋಗಿ ಬರಿಗೈಯಲ್ಲಿ ಬರುತ್ತಾರೆ, ಕೌಂಟರ್‌ನವರು ‘ಪುಸ್ತಕ ಇಲ್ಲ’ ಎನ್ನುತ್ತಾರೆ. ಪುಸ್ತಕವನ್ನು ಗೆದ್ದಲು ತಿಂದಿದೆಯೋ, ಸ್ಟ್ಯಾಕ್‌ಗೆ ಹೋಗುವ ಬಾಗಿಲಿಗೆ ಬೀಗ ಬಿದ್ದಿದೆಯೋ ಎನ್ನುವುದು ಆ ಎರಡು ಮಾತಿನಲ್ಲಿ ಇಲ್ಲ. ಅದನ್ನು ಅಟೆಂಡರನ್ನೇ ಕೇಳಬೇಕು. ಇಲ್ಲಿ ಅಟೆಂಡರ್ ಎಂದರೆ ಸಾಟಾ ಡ್ರೈವರ್. ಅದರ ಸಾಲುಗಳು ‘ಎಟಿಎ1.00’, ‘ಎಟಿಎ2.00’ ಎಂದು ಶುರುವಾಗುತ್ತವೆ ಮತ್ತು ಐ/ಒ ಎರರ್‌ಗಿಂತ ಮೊದಲೇ ಬಂದಿರುತ್ತವೆ.

‘ಡಿಮೆಸೇಜ್’ ಆಜ್ಞೆಗೆ ದೊಡ್ಡಕ್ಷರದ ‘-ಟಿ’ ಸೇರಿಸಿ ಕೊಟ್ಟರೆ ಕರ್ನಲ್‌ನ ಮಾತುಗಳೆಲ್ಲ ಗಡಿಯಾರದ ಹೊತ್ತಿನೊಂದಿಗೆ ಬರುತ್ತವೆ. ಅದಿಲ್ಲದೆ ಕಾಣುವ ಚೌಕಾವರಣದ ಅಂಕಿ ಯಂತ್ರ ಶುರುವಾದಾಗಿನಿಂದ ಕಳೆದ ಸೆಕೆಂಡುಗಳ ಲೆಕ್ಕ. ಅದರಲ್ಲಿ ‘ಎಕ್ಸೆಪ್ಶನ್’ ಎಂಬ ಸಾಲನ್ನು ಹುಡುಕಿ. ಅದರ ಕೆಳಗೆ ‘ಫೇಲ್ಡ್ ಕಮಾಂಡ್’, ಅದರ ಕೆಳಗೆ ‘ರೆಸ್’ ಎಂದು ಶುರುವಾಗಿ ಅಂಕಿಗಳ ರಾಶಿಯೇ ಇರುವ ಒಂದು ಸಾಲು. ಅಂಕಿಗಳನ್ನು ಬಿಡಿ. ಸಾಲಿನ ಕೊನೆಯ ಆವರಣದಲ್ಲಿ ಏನಿದೆ ಎಂದಷ್ಟೇ ನೋಡಿ. ಸಾಮಾನ್ಯವಾಗಿ ಅಲ್ಲಿ ಮೂರರಲ್ಲೊಂದು ಇರುತ್ತದೆ: ‘ಮೀಡಿಯಾ ಎರರ್’, ‘ಎಟಿಎ ಬಸ್ ಎರರ್’, ಇಲ್ಲವೇ ‘ಟೈಮ್‌ಔಟ್’. ನಿಮ್ಮಲ್ಲಿ ವಾದ ಮಾಡುತ್ತಿರುವ ಇಬ್ಬರ ಜಗಳ ಬಹುತೇಕ ಇಲ್ಲೇ ತೀರುತ್ತದೆ.

ಮೀಡಿಯಾ ಎರರ್ ಇದ್ದರೆ ಕೆಳಗಿನ ಸಾಲಿನಲ್ಲಿ ‘ಯುಎನ್‌ಸಿ’ ಎಂಬ ಮೂರಕ್ಷರವೂ ಇರುತ್ತದೆ. ಸರಿಪಡಿಸಲಾಗಲಿಲ್ಲ ಎಂದು ಸ್ವತಃ ಡಿಸ್ಕ್ ಹೇಳುತ್ತಿದೆ ಎಂದರ್ಥ. ಪ್ರತಿ ಸೆಕ್ಟರಿನ ಜತೆಗೂ ತಪ್ಪು ತಿದ್ದುವ ಸಂಕೇತವೊಂದು ಬರೆದಿರುತ್ತದೆ. ಓದುವಾಗ ಕೆಲವು ಬಿಟ್ ತಪ್ಪಿದರೂ ಆ ಸಂಕೇತದಿಂದ ಡಿಸ್ಕ್ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಅದರಿಂದಲೂ ಆಗದಿದ್ದರೆ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ನಿಮ್ಮ ಸರ್ವರ್ ಸ್ತಬ್ಧವಾಗುವುದು ಈ ಹೆಣಗಾಟದ ಹೊತ್ತಿನಲ್ಲಿ ಇರಬಹುದು. ಸರ್ವರ್‌ಗೆಂದು ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಚೆಲ್ಲುತ್ತವೆ. ಮನೆ ಬಳಕೆಯ ಅಗ್ಗದ ಡಿಸ್ಕ್‌ಗಳು ಒಂದು ನಿಮಿಷ ದಾಟಿದರೂ ಬಿಡುವುದಿಲ್ಲ. ಲಿನಕ್ಸ್ ಮಾತ್ರ ಉತ್ತರಕ್ಕಾಗಿ ಕಾಯುವುದು 30 ಸೆಕೆಂಡು. ಆಮೇಲೆ ‘ಟೈಮ್‌ಔಟ್’ ಎಂದು ಬರೆದು, ‘ಹಾರ್ಡ್ ರಿಸೆಟಿಂಗ್ ಲಿಂಕ್’ ಎಂದು ಸಂಪರ್ಕವನ್ನೇ ಕಡಿದು ಮತ್ತೆ ಜೋಡಿಸುತ್ತದೆ. ನೀವು ಹೇಳಿದ ಅರ್ಧ ನಿಮಿಷ ಈ 30 ಸೆಕೆಂಡಿಗೆ ಹತ್ತಿರ ಇರುವುದರಿಂದ ನಿಮ್ಮ ಲಾಗ್‌ನಲ್ಲಿ ಟೈಮ್‌ಔಟ್ ಸಾಲುಗಳೂ ಸಿಗಬಹುದು. ಬರೀ ಟೈಮ್‌ಔಟ್ ನೋಡಿ ಮಾತ್ರ ಏನನ್ನೂ ತೀರ್ಮಾನಿಸಬೇಡಿ. ಡಿಸ್ಕ್ ಹೆಣಗುತ್ತಿದ್ದರೂ ಅದು ಬರುತ್ತದೆ, ವೈರ್ ಸಡಿಲವಾಗಿದ್ದರೂ ಬರುತ್ತದೆ.

ಬಸ್ ಎರರ್ ಆದರೆ ಕತೆ ಬೇರೆ. ಅಲ್ಲಿ ಕಾಣುವ ಅಕ್ಷರಗಳು ‘ಐಸಿಆರ್‌ಸಿ’. ಡಿಸ್ಕ್‌ಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟಿದೆ, ತಾಳೆ ನೋಡಿದಾಗ ಸಿಕ್ಕಿಬಿದ್ದಿದೆ ಎಂದರ್ಥ. ಕೇಬಲ್, ಅದರ ಕನೆಕ್ಟರ್, ಬೋರ್ಡಿನ ಪೋರ್ಟ್ ಮೊದಲು ಅನುಮಾನಿಸಬೇಕಾದವು. ಇದು ಪದೇ ಪದೇ ಆದರೆ ಕರ್ನಲ್ ‘ಲಿಮಿಟಿಂಗ್ ಸಾಟಾ ಲಿಂಕ್ ಸ್ಪೀಡ್’ ಎಂದು ಬರೆದು ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಈ ಗುರುತು ಕಂಡರೆ ಕೇಬಲ್ ಎಂದವರ ಪಕ್ಷ ನಾನೂ ಹಿಡಿಯುತ್ತೇನೆ. ಎರಡು ಡಿಸ್ಕ್‌ಗಳು ಒಂದೇ ನಿಮಿಷದಲ್ಲಿ ಹೀಗೆ ಗೋಳಾಡಿದರೆ ಅವೆರಡಕ್ಕೂ ಸೇರಿದ ವಸ್ತುವನ್ನು, ಅಂದರೆ ಪವರ್ ಸಪ್ಲೈ ಅಥವಾ ಕಂಟ್ರೋಲರನ್ನು ನೋಡಿಸಿ.

ಸೆಕ್ಟರ್ ಸಂಖ್ಯೆಗಳೂ ಸಾಕ್ಷಿಯೇ. ಒಂದೇ ಸಂಖ್ಯೆ, ಅಥವಾ ಅಕ್ಕಪಕ್ಕದ ಸಂಖ್ಯೆಗಳು, ಬೇರೆ ಬೇರೆ ದಿನ ಮರಳಿ ಬರುತ್ತಿದ್ದರೆ ಡಿಸ್ಕ್‌ನ ಮೈಯಲ್ಲೇ ಗಾಯವಿದೆ. ಪ್ರತಿ ಸಲವೂ ಎಲ್ಲೆಲ್ಲಿಯದೋ ಸಂಖ್ಯೆ ಬರುತ್ತಿದ್ದರೆ ದಾರಿಯ ಮೇಲೆ ಅನುಮಾನ ಹೆಚ್ಚುತ್ತದೆ. ಕರ್ನಲ್ ಎಣಿಸುವುದು 512 ಬೈಟಿನ ಲೆಕ್ಕದಲ್ಲಿ, ಈಗಿನ ಬಹುಪಾಲು ಡಿಸ್ಕ್‌ಗಳ ನಿಜವಾದ ಸೆಕ್ಟರ್ 4096 ಬೈಟಿನದು. ಹಾಗಾಗಿ ಒತ್ತಾಗಿ ಎಂಟು ಸಂಖ್ಯೆ ಕಂಡಾಗ ಕೆಟ್ಟಿರುವುದು ಒಂದೇ ಜಾಗವಿರಬಹುದು.

ಲಾಗ್ ಹೇಳಿದ್ದನ್ನು ಡಿಸ್ಕ್‌ನ ಬಾಯಿಂದಲೇ ಖಚಿತಪಡಿಸಿಕೊಳ್ಳಲು ‘ಸ್ಮಾರ್ಟ್‌ಸಿಟಿಎಲ್ -ಎ’ ಓಡಿಸಿ. ಉದ್ದದ ಪಟ್ಟಿ ಬರುತ್ತದೆ. ನಿಮಗೆ ಬೇಕಾದದ್ದು 5, 197, 198, 199 ಎಂಬ ನಾಲ್ಕು ಸಾಲು, ಅವುಗಳ ಬಲತುದಿಯ ಅಂಕಿ. 5 ಎಂದರೆ ಈಗಾಗಲೇ ಕೈಬಿಟ್ಟು ಮೀಸಲು ಜಾಗಕ್ಕೆ ಬದಲಾಯಿಸಿದ ಸೆಕ್ಟರ್‌ಗಳು. 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. ಡಿಸ್ಕ್ ಇವನ್ನು ಕೂಡಲೇ ಬದಲಾಯಿಸುವುದಿಲ್ಲ, ಏಕೆಂದರೆ ಒಳಗಿನ ಡೇಟಾ ಅದಕ್ಕೆ ಗೊತ್ತಿಲ್ಲ. ಆ ಜಾಗಕ್ಕೆ ಹೊಸದಾಗಿ ಬರೆಯುವ ಆಜ್ಞೆ ಬಂದಾಗ ಬರೆದು ನೋಡುತ್ತದೆ, ನಿಂತರೆ ಸರಿ, ಇಲ್ಲದಿದ್ದರೆ ಮೀಸಲಿಗೆ ಹೋಗುತ್ತದೆ. 198 ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಂಡಾಗ ಸಿಕ್ಕಿದ ಓದಲಾಗದ ಸೆಕ್ಟರ್‌ಗಳ ಲೆಕ್ಕ. 199 ದಾರಿಯಲ್ಲಿ ಆದ ತಪ್ಪುಗಳದು. ಇದು ಹಿಂದಕ್ಕೆ ಇಳಿಯುವ ಅಂಕಿಯಲ್ಲ, ಆದ್ದರಿಂದ ಕೇಬಲ್ ಬದಲಿಸುವ ಮುನ್ನ ಬರೆದಿಟ್ಟುಕೊಂಡು ಆಮೇಲೆ ಏರಿದೆಯೇ ಎಂದು ನೋಡಬೇಕು.

ಆ ಪಟ್ಟಿಯ ಮೇಲ್ಗಡೆ ‘ಪಾಸ್ಡ್’ ಎಂದು ಬರೆದಿರುತ್ತದೆ. ದಯವಿಟ್ಟು ಅದನ್ನು ನಂಬಿ ನಿಶ್ಚಿಂತರಾಗಬೇಡಿ. ತಯಾರಕರು ಇಟ್ಟ ಮಿತಿಯನ್ನು ಯಾವ ಅಂಕಿಯೂ ಇನ್ನೂ ಮುಟ್ಟಿಲ್ಲ ಎಂದಷ್ಟೇ ಅದರ ಅರ್ಥ, ಮತ್ತು ಆ ಮಿತಿಗಳು ಬಹಳ ಉದಾರ. ಗೂಗಲ್‌ನ ಪಿನ್ಹೇರೊ, ವೆಬರ್, ಬರೋಸೊ ಎಂಬ ಮೂವರು 2007ರಲ್ಲಿ ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ದಾಖಲೆ ಇಟ್ಟುಕೊಂಡು ಪ್ರಬಂಧವೊಂದನ್ನು ಪ್ರಕಟಿಸಿದರು. ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ಅಂಥ ದೋಷ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಎಂದು ಅವರಿಗೆ ಕಂಡಿತು. ಅದೇ ಪ್ರಬಂಧದ ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯ: ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಅವರು ಪ್ರಬಲವೆಂದು ಗುರುತಿಸಿದ ನಾಲ್ಕು ಸ್ಮಾರ್ಟ್ (ಡಿಸ್ಕ್ ತನ್ನ ಬಗ್ಗೆ ತಾನೇ ಇಡುವ ಲೆಕ್ಕದ) ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅಂದರೆ ಡಿಸ್ಕ್ ‘ನನಗೆ ಹುಷಾರಿಲ್ಲ’ ಎಂದರೆ ನಂಬಬೇಕು. ‘ಚೆನ್ನಾಗಿದ್ದೇನೆ’ ಎಂದರೆ ನಂಬುವಂತಿಲ್ಲ. ಎಸ್‌ಎಸ್‌ಡಿಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಅವು ಲಾಗ್‌ನಲ್ಲಿ ಒಂದು ಗೆರೆಯೂ ಇಲ್ಲದೆ ಒಂದು ಬೆಳಗ್ಗೆ ಕಾಣೆಯಾಗಿಬಿಡಬಲ್ಲವು.

ಮೀಡಿಯಾ ಎರರ್ ಖಚಿತವಾದರೆ ‘ಎಫ್‌ಎಸ್‌ಸಿಕೆ’ ಓಡಿಸಲು ಯಾರಿಗೂ ಬಿಡಬೇಡಿ. ಅದು ಫೈಲ್‌ಸಿಸ್ಟಮ್‌ನ ಲೆಕ್ಕ ಸರಿಮಾಡುವ ಸಾಧನ. ಸಾಯುತ್ತಿರುವ ಡಿಸ್ಕ್ ಮೇಲೆ ಅದು ಬರೆಯತೊಡಗಿದರೆ ಉಳಿದಿದ್ದೂ ಹೋಗಬಹುದು. ಮೊದಲು ಡೇಟಾ ಹೊರಗೆ ಬರಲಿ. ಸಾಮಾನ್ಯ ನಕಲು ಅರ್ಧಕ್ಕೆ ನಿಂತರೆ ‘ಡಿಡಿರೆಸ್ಕ್ಯೂ’ ಇದೆ. ಅದು ಓದಲು ಬರುವ ಜಾಗಗಳನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಹಟ ಮಾಡುವ ಜಾಗಗಳನ್ನು ಗುರುತು ಹಾಕಿ ಕೊನೆಗೆ ಉಳಿಸಿಕೊಳ್ಳುತ್ತದೆ.

ಸರ್ವರನ್ನು ಆರಿಸಿ ಹಚ್ಚುವ ಮುನ್ನವೂ ಒಂದು ಕೆಲಸವಿದೆ. ದೋಷ ಜಾಸ್ತಿಯಾದಾಗ ‘ರಿಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ’ ಎಂದು ಬರುತ್ತದೆ. ಅಲ್ಲಿಂದಾಚೆ ಆ ಡಿಸ್ಕ್‌ಗೆ ಲಾಗ್ ಬರೆಯುವುದೂ ನಿಲ್ಲುತ್ತದೆ. ಮುಖ್ಯವಾದ ಸಾಲುಗಳು ಆಗ ಕರ್ನಲ್‌ನ ನೆನಪಿನಲ್ಲಿ ಮಾತ್ರ ಇರುತ್ತವೆ, ರೀಬೂಟ್ ಮಾಡಿದರೆ ಅಳಿಸಿಹೋಗುತ್ತವೆ. ಡಿಮೆಸೇಜ್ ಕೊಟ್ಟದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಅದೂ ಆಗದಿದ್ದರೆ ಪರದೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಕೊನೆಯದಾಗಿ, ಡಿಸ್ಕ್ ಬದಲಿಸಲು ತಂತ್ರಜ್ಞರು ಬಂದಾಗ ‘ಎಸ್‌ಡಿಎ ತೆಗೆಯಿರಿ’ ಎಂದು ಹೇಳಬೇಡಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಯಂತ್ರ ಶುರುವಾಗುವಾಗ ಡಿಸ್ಕ್‌ಗಳು ಸಿಕ್ಕ ಕ್ರಮದಂತೆ ಬೀಳುತ್ತವೆ, ಮುಂದಿನ ಸಲ ಅದಲುಬದಲಾಗಬಹುದು. ಎರಡು ಡಿಸ್ಕ್‌ಗಳನ್ನು ಒಂದಕ್ಕೊಂದು ಪ್ರತಿಯಾಗಿ ಜೋಡಿಸಿದ ಸರ್ವರ್‌ನಲ್ಲಿ ಚೆನ್ನಾಗಿರುವುದನ್ನು ಕಳಚಿದರೆ ಉಳಿಯುವುದು ಕೆಟ್ಟದ್ದೊಂದೇ. ಸ್ಮಾರ್ಟ್‌ಸಿಟಿಎಲ್ ತೋರಿಸುವ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಡಿ. ಡಿಸ್ಕ್‌ನ ಲೇಬಲ್ ಜತೆ ಅದು ತಾಳೆಯಾದ ಮೇಲೆಯೇ ಕೇಬಲ್ ಕಳಚಲಿ.