ಚಿಕ್ಕವರಿಗೆ ಚದುರಂಗ ಕಲಿಸುವ ರೀತಿ



‘ಚದುರಂಗ’ ಎಂಬ ಮಾತು ಸಂಸ್ಕೃತದ ‘ಚತುರಂಗ’ದಿಂದ ಬಂದದ್ದು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯಕ್ಕೆ ಹಿಂದೆ ಚತುರಂಗ ಬಲ ಎನ್ನುತ್ತಿದ್ದರು. ಈ ಆಟ ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ನಾಡಿಗೆ, ಆಮೇಲೆ ಯೂರೋಪಿಗೆ ಹೋಯಿತು. ಇದನ್ನು ಎಲ್ಲರೂ ಬರೆಯುತ್ತಾರೆ, ಆದ್ದರಿಂದ ಇಷ್ಟು ಸಾಕು.

ಜೂನ್ ತಿಂಗಳಿಂದ ಶನಿವಾರದ ಕೊನೇ ಪೀರಿಯಡ್‌ನಲ್ಲಿ ಏಳನೇ ತರಗತಿಯ ನಾವು ನಾಲ್ವರು, ಮೂರು ಮತ್ತು ನಾಲ್ಕನೇ ತರಗತಿಯ ಮಕ್ಕಳಿಗೆ ಚೆಸ್ ಕಲಿಸುತ್ತಿರುವುದು ನಿಮಗೆ ಗೊತ್ತು. ಮುಂದಿನ ವರ್ಷ ನಾವು ಹೈಸ್ಕೂಲಿಗೆ ಹೋಗಿಬಿಡುತ್ತೇವೆ. ಆಮೇಲೆ ಆರನೇ ತರಗತಿಯವರೇ ಕಲಿಸಬೇಕು. ಅವರಿಗಾಗಿ ಈ ಲೇಖನ.

ಮೊದಲು ಹಾಸು ಮತ್ತು ಕಾಯಿ. ಶಾಲೆಯಲ್ಲಿರುವುದು ಒಂದೇ ಸೆಟ್ಟು, ಮಕ್ಕಳು ಹತ್ತೊಂಬತ್ತು. ಆದ್ದರಿಂದ ನಾವು ಡ್ರಾಯಿಂಗ್ ಹಾಳೆಯಲ್ಲಿ ಎಂಟಕ್ಕೆಂಟು ಮನೆ ಗೀಚಿ ಕಪ್ಪು ಮನೆಗೆ ಇದ್ದಿಲು ತಿಕ್ಕಿದೆವು. ಕಾಯಿಗೆ ಸೋಡಾ ಬಾಟಲಿಯ ಮುಚ್ಚಳ. ಅದರ ಮೇಲೆ ಕಾಗದ ಅಂಟಿಸಿ ಕಾ, ಆ, ಕು, ಒಂ, ಮಂ, ರಾ ಅಂತ ಬರೆದರೆ ಆಯ್ತು. ಒಂದು ಪಕ್ಷಕ್ಕೆ ನೀಲಿ ಶಾಯಿ, ಇನ್ನೊಂದಕ್ಕೆ ಕೆಂಪು. ಹಾಸು ಇಡುವಾಗ ಇಬ್ಬರಿಗೂ ಬಲಗೈ ಕಡೆಯ ಮೂಲೆಯಲ್ಲಿ ಬಿಳಿ ಮನೆ ಬರಬೇಕು. ಇದನ್ನು ಮಾತ್ರ ಪ್ರತಿ ಸಲ ನೋಡಿ. ಹಾಸು ಅಡ್ಡ ಇಟ್ಟರೆ ರಾಜ, ಮಂತ್ರಿ ಜಾಗ ಅದಲುಬದಲಾಗುತ್ತದೆ.

ಮೊದಲ ದಿನವೇ ಎಲ್ಲಾ ಕಾಯಿಗಳ ನಡೆ ಹೇಳಬೇಡಿ. ಮಕ್ಕಳು ಹೂಂ ಹೂಂ ಅಂತಾರೆ, ಹತ್ತು ನಿಮಿಷಕ್ಕೆ ಆನೆ ಓರೆಯಾಗಿ ಓಡುತ್ತಿರುತ್ತದೆ. ಬರೀ ಕಾಲಾಳು ಕೊಡಿ. ಈ ಕಡೆ ಎಂಟು, ಆ ಕಡೆ ಎಂಟು. ಯಾರ ಕಾಲಾಳು ಮೊದಲು ಎದುರಿನ ಕೊನೇ ಸಾಲು ಮುಟ್ಟುತ್ತದೋ ಅವರು ಗೆದ್ದರು. ನಡೆಯುವುದು ನೇರ, ಹೊಡೆಯುವುದು ಓರೆ, ಇಷ್ಟೇ ನಿಯಮ. ಈ ಸಣ್ಣ ಆಟದಲ್ಲಿ ಎಷ್ಟು ವಿಷಯ ಇದೆ ಅಂತ ಆಡಿದವರಿಗೇ ಗೊತ್ತು. ಎರಡು ಕಾಲಾಳು ಎದುರಾಬದುರು ನಿಂತರೆ ಎರಡಕ್ಕೂ ದಾರಿ ಬಂದ್. ಪಕ್ಕದಲ್ಲಿ ಜೊತೆಗಾರ ಇದ್ದರೆ ಒಂದನ್ನು ಹೊಡೆಸಿ ಇನ್ನೊಂದಕ್ಕೆ ದಾರಿ ಬಿಡಿಸಬಹುದು. ‘ನಾನು ಇಟ್ಟರೆ ಅವನು ಏನು ಇಡುತ್ತಾನೆ’ ಅಂತ ಯೋಚಿಸುವುದು ಇಲ್ಲಿಂದಲೇ ಶುರು. ನಾವು ಮೂರು ಶನಿವಾರ ಇದನ್ನೇ ಆಡಿಸಿದೆವು, ಯಾರೂ ಬೇಜಾರಾಯ್ತು ಅನ್ನಲಿಲ್ಲ.

ಆಮೇಲೆ ವಾರಕ್ಕೊಂದು ಕಾಯಿ ಸೇರಿಸಿ. ಆನೆ ನೇರ, ಒಂಟೆ ಓರೆ, ಮಂತ್ರಿ ಎರಡೂ. ಇವು ಬೇಗ ಬರುತ್ತವೆ. ಕುದುರೆಗೆ ಮಾತ್ರ ಎರಡು ವಾರ ಇಟ್ಟುಕೊಳ್ಳಿ. ದೊಡ್ಡವರು ‘ಎರಡೂವರೆ ಮನೆ’ ಅಂತ ಹೇಳಿಕೊಡುತ್ತಾರೆ. ಮೂರನೇ ತರಗತಿಯ ಒಬ್ಬ ಹುಡುಗ “ಅಕ್ಕಾ, ಆ ಅರ್ಧ ಮನೆ ಎಲ್ಲಿದೆ?” ಅಂತ ಕೇಳಿದ. ಅವನು ಕೇಳಿದ್ದು ಸರಿ. ಅದಕ್ಕೇ ನಾನು ‘ಎರಡು ನೇರ, ಒಂದು ಪಕ್ಕ’ ಅಂತ ಹೇಳುತ್ತೇನೆ. ಇನ್ನೊಂದು ಗುರುತು ಏನೆಂದರೆ, ಬಿಳಿ ಮನೆಯಿಂದ ಎದ್ದ ಕುದುರೆ ಕಪ್ಪು ಮನೆಗೇ ಇಳಿಯಬೇಕು, ಕಪ್ಪಿನಿಂದ ಬಿಳಿಗೆ. ಬಣ್ಣ ಬದಲಾಗದಿದ್ದರೆ ನಡೆ ತಪ್ಪು. ಹಾಸಿನ ನಡುವೆ ಇರುವ ಕುದುರೆಗೆ ಎಂಟು ಮನೆ ಸಿಗುತ್ತವೆ, ಮೂಲೆಯಲ್ಲಿರುವ ಕುದುರೆಗೆ ಎರಡೇ. ಇದನ್ನು ಹೇಳಬೇಡಿ, ಹುಣಿಸೆ ಬೀಜ ಇಟ್ಟು ಅವರೇ ಎಣಿಸಲಿ.

ನಾಲ್ಕು ನಡೆಯಲ್ಲಿ ಚೆಕ್‌ಮೇಟ್ ಮಾಡುವ ಉಪಾಯ ಒಂದಿದೆ, ಆರನೇ ತರಗತಿಯವರಿಗೆ ಬಹಳ ಇಷ್ಟ. ದಯವಿಟ್ಟು ಚಿಕ್ಕವರಿಗೆ ಮೊದಲೇ ಅದನ್ನು ಕಲಿಸಬೇಡಿ. ಕಲಿತವನು ಎಲ್ಲರ ಮೇಲೂ ಅದನ್ನೇ ಹೂಡುತ್ತಾನೆ, ಬೇರೆ ಏನೂ ಕಲಿಯುವುದಿಲ್ಲ. ಸೋತವರು ಅಳುತ್ತಾ ಹೋಗುತ್ತಾರೆ. ಅದರ ಬದಲು ಎರಡು ಆನೆಗಳಿಂದ ರಾಜನನ್ನು ಸಾಲು ಸಾಲಾಗಿ ಅಂಚಿಗೆ ತಳ್ಳುವುದನ್ನು ತೋರಿಸಿ.

ಚೆಕ್ ಹೇಳುವ ಬಗ್ಗೆ ಒಂದು ಮಾತು. ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಹಾಜರಿಗೂ ಧ್ವನಿ ಎತ್ತುವುದಿಲ್ಲ. ಅವಳು ಚೆಕ್ ಅಂದರೆ ಎದುರಿನವನಿಗೆ ಕೇಳಿಸದೆ ಅವನು ಬೇರೇನೋ ನಡೆಸಿ, “ನೀನು ಹೇಳಲೇ ಇಲ್ಲ” ಅಂತ ಜಗಳ. ದೊಡ್ಡ ಪಂದ್ಯಗಳಲ್ಲಿ ಬಾಯಿಬಿಟ್ಟು ಚೆಕ್ ಹೇಳಬೇಕೆಂಬ ಕಡ್ಡಾಯವೇ ಇಲ್ಲ, ನೋಡಿಕೊಳ್ಳುವುದು ಎದುರಿನವರ ಕೆಲಸ. ಆದರೂ ಚಿಕ್ಕವರಿಗೆ ಕಷ್ಟ ಅಂತ, ಹಾಸಿನ ಪಕ್ಕ ಎರಡು ಸಲ ಕುಟ್ಟಿದರೆ ಚೆಕ್ ಎಂದು ನಾವು ನಿಯಮ ಮಾಡಿದೆವು. ಈಗ ಅತಿ ಜೋರಾಗಿ ಕುಟ್ಟುವವಳು ಅವಳೇ.

ನಮ್ಮ ಊರಿನಲ್ಲಿ ಇನ್ನೊಂದು ತೊಡಕಿದೆ. ಮಕ್ಕಳು ಮನೆಗೆ ಹೋಗಿ ತಾತನ ಜೊತೆ ಆಡಿದರೆ ತಾತ “ಯಾರೋ ನಿಂಗೆ ಇದನ್ನ ಹೇಳಿಕೊಟ್ಟೋರು?” ಅಂತಾರೆ. ನನ್ನ ತಾತನೂ ಹಾಗೇ ಕೇಳಿದರು. ಅವರ ಆಟದಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುತ್ತದೆ, ಮೊದಲ ಸಲ ಎರಡು ಮನೆ ಇಲ್ಲ. ಕೋಟೆ ಕಟ್ಟುವುದಿಲ್ಲ, ಚೆಕ್ ಬಿದ್ದಿರದ ರಾಜ ಒಂದು ಸಲ ಮಾತ್ರ ಕುದುರೆಯಂತೆ ಹಾರಬಹುದು. ಕೊನೆ ಮುಟ್ಟಿದ ಕಾಲಾಳು ತನ್ನಿಷ್ಟದ ಕಾಯಿ ಆಗುವುದಿಲ್ಲ, ಯಾವ ಕಾಯಿಯ ಮನೆ ಮುಟ್ಟಿತೋ ಆ ಕಾಯಿ ಆಗುತ್ತದೆ. ಇದು ತಪ್ಪು ಆಟವಲ್ಲ, ನಮ್ಮ ದೇಶದ ಹಳೇ ಪದ್ಧತಿ. ಮೀರ್ ಸುಲ್ತಾನ್ ಖಾನ್ ಎಂಬ ಪಂಜಾಬಿನ ಆಟಗಾರರು ಚಿಕ್ಕಂದಿನಲ್ಲಿ ಇಂಥ ದೇಶೀ ಪದ್ಧತಿಯನ್ನೇ ಕಲಿತಿದ್ದರು. ವಿಲಾಯಿತಿ ನಿಯಮ ಕಲಿತದ್ದು ದೊಡ್ಡವರಾದ ಮೇಲೆ. ಅವರೇ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು! ಆದ್ದರಿಂದ ಶಾಲೆಯಲ್ಲಿ ಪಂದ್ಯದ ನಿಯಮ, ಜಗಲಿಯಲ್ಲಿ ತಾತನ ನಿಯಮ ಅಂತ ಮಕ್ಕಳಿಗೆ ಹೇಳಿ. ತಾತಂದಿರ ಜೊತೆ ವಾದ ಬೇಡ. ಅವರು ನಮ್ಮ ಜೊತೆ ಆಡುವುದೇ ನಮಗೆ ಬೇಕಾದದ್ದು.

ಈಗ ಮುಖ್ಯ ವಿಷಯ. ಹೋದ ಪೋಷಕರ ಸಭೆಯಲ್ಲಿ, “ಚೆಸ್ ಆಡಿದರೆ ಲೆಕ್ಕದಲ್ಲಿ ಮಾರ್ಕ್ಸ್ ಬರುತ್ತಾ? ಇಲ್ಲಾಂದ್ರೆ ಆ ಪೀರಿಯಡ್‌ನಲ್ಲಿ ಮಗ್ಗಿ ಹೇಳಿಸಿ” ಎಂದು ಕೆಲವರು ಕೇಳಿದರು. ಮುಂದಿನ ಸಭೆಯಲ್ಲಿ ತೀರ್ಮಾನವಂತೆ. ‘ಬುದ್ಧಿ ಚುರುಕಾಗುತ್ತೆ, ಲೆಕ್ಕ ತಾನಾಗೇ ಬರುತ್ತೆ’ ಅಂತ ಬರಿ, ಪೀರಿಯಡ್ ಉಳಿಯುತ್ತೆ ಎಂದು ನನ್ನ ಗೆಳತಿಯರು ಹೇಳಿದರು. ಆದರೆ ನಮ್ಮ ಲೆಕ್ಕದ ಮೇಷ್ಟ್ರು ಬೇರೆಯೇ ಹೇಳಿದರು. ಇಂಗ್ಲೆಂಡಿನಲ್ಲಿ 100 ಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವು ಶಾಲೆಯ ಮಕ್ಕಳಿಗೆ ಒಂದು ವರ್ಷ ಚೆಸ್ ಪಾಠ, ಉಳಿದ ಶಾಲೆಯವರಿಗೆ ಇಲ್ಲ. ಒಂದು ವರ್ಷ ಕಳೆದ ಮೇಲೆ ಲೆಕ್ಕದ ಪರೀಕ್ಷೆ ಇಟ್ಟರೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಅದರ ವರದಿ ಬಂತು. ಹಾಗಿರುವಾಗ ಮಾರ್ಕ್ಸ್ ಬರುತ್ತೆ ಅಂತ ನಾನು ಹೇಗೆ ಬರೆಯಲಿ? ಬರೆದರೆ, ಮಾರ್ಚಿಯಲ್ಲಿ ಮಾರ್ಕ್ಸ್ ಬರದಿದ್ದಾಗ ಹಾಸನ್ನೇ ಹರಿದುಹಾಕುತ್ತಾರೆ. ಕಬಡ್ಡಿ ಆಡಿದರೆ ಎಷ್ಟು ಮಾರ್ಕ್ಸ್ ಅಂತ ಯಾರೂ ಕೇಳುವುದಿಲ್ಲವಲ್ಲ. ಮೂರನೇ ತರಗತಿಯ ಮಕ್ಕಳು ಅರ್ಧ ಗಂಟೆ ಸದ್ದಿಲ್ಲದೆ ಕೂತು ಯೋಚಿಸುವುದನ್ನು ಪೋಷಕರು ಒಂದು ಶನಿವಾರ ಬಂದು ನೋಡಲಿ ಅಂತ ಕೇಳಿಕೊಳ್ಳುತ್ತೇನೆ.

ಚೆಸ್ಸನ್ನು ಶಾಲೆಯಲ್ಲಿ ಕಲಿಸುವುದು ಹೊಸದೇನಲ್ಲ. ಅರ್ಮೇನಿಯಾ ಎಂಬ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಕಡಿಮೆ. ಅಲ್ಲಿ 2011ರಲ್ಲಿ ಎರಡರಿಂದ ನಾಲ್ಕನೇ ತರಗತಿಯವರಿಗೆ ಚೆಸ್ಸನ್ನು ಕಡ್ಡಾಯ ಪಾಠವಾಗಿ ಮಾಡಿದರು. ಕೇರಳದ ತ್ರಿಶೂರ್ ಜಿಲ್ಲೆಯ ಮರೋಟ್ಟಿಚಾಲ್ ಎಂಬ ಹಳ್ಳಿಯಲ್ಲಿ ಉಣ್ಣಿಕೃಷ್ಣನ್ ಎಂಬವರು ತಮ್ಮ ಟೀ ಅಂಗಡಿಯಲ್ಲೇ ಊರವರಿಗೆಲ್ಲ ಕಲಿಸಿದರು. ಕುಡಿತ, ಜೂಜಿಗೆ ಹೆಸರಾಗಿದ್ದ ಊರು ಚೆಸ್ಸಿಗೆ ಹೆಸರಾಯಿತು. ವಿಶ್ವನಾಥನ್ ಆನಂದ್ ಅವರಿಗೆ ಮೊದಲು ಕಲಿಸಿದ್ದು ಅವರ ತಾಯಿ. ‘ಹೆಣ್ಮಕ್ಕಳಿಗ್ಯಾಕೆ’ ಅನ್ನುವವರಿಗೆ ಒಂದೇ ಮಾತು: 2025ರ ಮಹಿಳಾ ವಿಶ್ವಕಪ್ಪಿನ ಫೈನಲ್‌ನಲ್ಲಿ ಎರಡೂ ಕಡೆ ನಮ್ಮ ದೇಶದವರೇ, ದಿವ್ಯಾ ದೇಶಮುಖ್ ಮತ್ತು ಕೊನೇರು ಹಂಪಿ. ಗೆದ್ದ ದಿವ್ಯಾಗೆ ಆಗ 19 ವರ್ಷ.

ಇನ್ನು ಮನೆಕೆಲಸ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868), ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಇಳಿಸುವ ಸಮಸ್ಯೆಗಳನ್ನು ರಚಿಸಿದ್ದರು. ನಾವು ಚಿಕ್ಕದರಿಂದ ಶುರು ಮಾಡೋಣ. ಐದಕ್ಕೈದು, ಒಟ್ಟು 25 ಮನೆ ಬರೆದುಕೊಳ್ಳಿ. ಕುದುರೆಯನ್ನು ಮೂಲೆಯಲ್ಲಿಟ್ಟು ಎಲ್ಲಾ ಮನೆಗೂ ಒಂದೊಂದು ಸಲ ಇಳಿಸಿ, ಇಳಿದ ಕಡೆ 1, 2, 3 ಅಂತ ಬರೆಯುತ್ತಾ ಹೋಗಿ. ಇದು ಸಾಧ್ಯ, ನಾನು ರಬ್ಬರ್ ಸವೆಯುವಷ್ಟು ಅಳಿಸಿ ಮಾಡಿದ್ದೇನೆ. ಆದರೆ ಮೂಲೆಗೆ ಅಂಟಿದ ಪಕ್ಕದ ಮನೆಯಿಂದ ಹೊರಟರೆ ಏನು ಮಾಡಿದರೂ ಆಗುವುದಿಲ್ಲ. ಯಾಕೆ? ಬಿಳಿ ಮನೆ ಎಷ್ಟು, ಕಪ್ಪು ಮನೆ ಎಷ್ಟು ಎಣಿಸಿ ನೋಡಿ. ಉತ್ತರವನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕಿ, ಶುಕ್ರವಾರದೊಳಗೆ ಕೆಳಗಿನ ಡಬ್ಬಿಗೆ ಹಾಕಿ. ಮೇಷ್ಟ್ರುಗಳೂ ಹಾಕಬಹುದು.